ಹುಳುಮನೆಯ ಜಗುಲಿ

ಈಗಲೂ ಮೊಮ್ಮಕ್ಕಳು ಓಡಿಬಂದು ತೊಡೆ ಏರಲು ಹೊರಟರೆ ನಾನು ಮೊದಲು ನನ್ನ ಅಂಗೈ ಮೂಸಿ ನೋಡಿಕೊಳ್ಳುತ್ತೇನೆ. ಯಾರಿಗೂ ಗೊತ್ತಾಗದ ಹಾಗೆ, ಮೀಸೆ ಸವರಿಕೊಳ್ಳುವ ನೆಪದಲ್ಲಿ. ಕೈಯಲ್ಲಿ ಈಗ ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಚರಕ ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಮೂಸುತ್ತೇನೆ. ಗೌರಿಬಿದನೂರಿನಲ್ಲಿ ಸಂಸಾರ ಮಾಡಿಕೊಂಡಿರುವ ನನ್ನ ಮಗಳು ಒಂದು ಸಲ ಇದನ್ನು ಕಂಡುಹಿಡಿದು, ಮಗು ಎತ್ತಿಕೊಳ್ಳುವ ಮುಂಚೆ ಅದೇನಪ್ಪ ಮಂತ್ರ ಹಾಕಿಕೊಳ್ಳುತ್ತೀಯ ಎಂದು ನಕ್ಕಳು. ನಾನೂ ನಕ್ಕೆ. ಅವಳಿಗೆ ಏನೂ ನೆನಪಿಲ್ಲವೆಂದು ಆಗ ತಿಳಿಯಿತು. ಅಷ್ಟರ ಮಟ್ಟಿಗೆ ದೇವರು ದೊಡ್ಡವನು.

ನಯಾಪೈಸೆ ಹೊಸದಾಗಿ ಬಂದು, ಅಂಗಡಿಯವರೂ ಗಿರಾಕಿಗಳೂ ಆಣೆಯ ಲೆಕ್ಕವೋ ಪೈಸೆಯ ಲೆಕ್ಕವೋ ಎಂದು ಕಿತ್ತಾಡುತ್ತಿದ್ದ ಕಾಲ ಅದು. ನಾನು ಶಿಡ್ಲಘಟ್ಟದಲ್ಲಿ ಒಬ್ಬ ಸಾಹೇಬರ ಶೆಡ್ಡಿನಲ್ಲಿ ಚರಕದ ಕೆಲಸಕ್ಕಿದ್ದೆ. ಚರಕದವನು ಎಂದರೂ ಒಂದೇ, ರೀಲರ್ ಎಂದರೂ ಒಂದೇ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಮುಂದೆ ಕುದಿಯುವ ನೀರಿನ ಬಾನಿ, ಅದರಲ್ಲಿ ತೇಲುವ ರೇಷ್ಮೆಗೂಡು. ಬೆಂದ ಗೂಡಿನ ಎಳೆಗಳನ್ನು ಬೆರಳಿನಿಂದ ಹುಡುಕಿ, ಕೂಡಿಸಿ, ಸುತ್ತುವ ರಾಟೆಗೆ ಕೊಡುತ್ತಲೇ ಇರಬೇಕು. ನೂಲು ಸರಸರನೆ ಮೇಲಕ್ಕೆ ಹೋಗುತ್ತದೆ, ಗೂಡಿನೊಳಗಿನ ಹುಳು ಬೆಂದು ಕೆಳಗೆ ಉಳಿಯುತ್ತದೆ. ಆ ಹುಳುವಿನ ವಾಸನೆ ಬಟ್ಟೆಗೆ ಅಂಟಿದರೆ ಒಗೆಯಬಹುದು. ಅದು ಅಂಟುವುದು ಚರ್ಮಕ್ಕೆ, ಉಗುರಿನ ಸಂದಿಗೆ, ಕೂದಲಿನ ಬುಡಕ್ಕೆ. ಸೀಗೆಕಾಯಿ ಹಾಕಿ ಉಜ್ಜಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆವರು ಬಂದ ಕೂಡಲೇ ಮತ್ತೆ ಎದ್ದು ಕೂರುತ್ತದೆ. ಬೆರಳುಗಳ ಗತಿ ಕೇಳುವುದೇ ಬೇಡ. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನಲ್ಲಿ ನೆಂದು, ಬಿಳಿಚಿಕೊಂಡು, ಗೆಣ್ಣುಗೆಣ್ಣಿಗೆ ಬಿರುಕು ಬಿಟ್ಟು, ರಾಗಿಮುದ್ದೆ ಮುರಿದು ಸಾರಿಗೆ ಅದ್ದಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಹುಟ್ಟುವಾಗಲೇ ನಾನು ಚರಕದವನಾಗಿರಲಿಲ್ಲ. ಮದುವೆಯಾದಾಗ ಚಿಂತಾಮಣಿಯ ಒಂದು ಕಡಲೆಕಾಯಿ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಲೋಯರ್ ಸೆಕೆಂಡರಿ ಪಾಸು, ಬಿಳಿ ಪಂಚೆ, ಕಿವಿಯ ಮೇಲೆ ಪೆನ್ಸಿಲ್ಲು. ಆ ಪೆನ್ಸಿಲ್ಲು ನೋಡಿಯೇ ಮೇಲೂರಿನ ನನ್ನ ಮಾವನವರು ಹೆಣ್ಣು ಕೊಟ್ಟರು ಎಂದು ನಾನು ಈಗಲೂ ನಂಬಿದ್ದೇನೆ. ಅವರಿಗೆ ಹಿಪ್ಪುನೇರಳೆ ತೋಟವಿತ್ತು, ಬಾವಿಯಿತ್ತು, ಊರಲ್ಲಿ ಮಾತಿತ್ತು. ಮದುವೆಯಾದ ಮಾರನೆಯ ವರ್ಷ ಮಂಡಿಯ ಯಜಮಾನರು ತೀರಿಕೊಂಡರು, ಅವರ ಮಕ್ಕಳು ವ್ಯವಹಾರ ಮುಚ್ಚಿದರು, ನಾನು ಪೆನ್ಸಿಲ್ಲಿನ ಸಮೇತ ಬೀದಿಗೆ ಬಂದೆ. ಕೆಟ್ಟು ಪಟ್ಟಣ ಸೇರು ಎನ್ನುತ್ತಾರಲ್ಲ, ಹಾಗೆ ಶಿಡ್ಲಘಟ್ಟ ಸೇರಿದೆ. ಆ ಹೊತ್ತಿಗೆ ಹೆಂಡತಿ ತುಂಬಿದ ಬಸುರಿ, ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಹೆಣ್ಣು ಮಗುವಾಯಿತು. ಬಾಣಂತನಕ್ಕೆ ಕಳಿಸಿದ ಹೆಂಡತಿಯನ್ನು ಐದು ತಿಂಗಳಿಗೋ ಏಳು ತಿಂಗಳಿಗೋ ಗಂಡನಾದವನು ಹೋಗಿ ಕರೆದುಕೊಂಡು ಬರುವುದು ಲೋಕರೂಢಿ. ನನಗೆ ಕರೆದುಕೊಂಡು ಬರಲು ಮನೆಯಿರಲಿಲ್ಲ. ಕೆಲಸ ಮುಗಿದ ಮೇಲೆ ಶೆಡ್ಡಿನಲ್ಲಿಯೇ, ಖಾಲಿ ಗೂಡಿನ ಚೀಲಗಳ ಮೇಲೆ ನಾಲ್ಕಾರು ಜನ ಸಾಲಾಗಿ ಮಲಗುತ್ತಿದ್ದೆವು. ಆ ಸಾಲಿನಲ್ಲಿ ಹೆಂಡತಿಗೂ ಮಗುವಿಗೂ ಎಲ್ಲಿ ಜಾಗ ಮಾಡಲಿ? ಮಗುವಿಗೆ ಹಲ್ಲು ಬಂತು, ನಡಿಗೆ ಬಂತು, ಮಾತು ಬಂತು. ಎಲ್ಲವೂ ಮೇಲೂರಿನಲ್ಲೇ ಬಂತು.

ಮೇಲೂರಿನಲ್ಲಿ ಆಗ ಹುಳು ಸಾಕದ ಮನೆ ಹುಡುಕಬೇಕಾಗಿತ್ತು. ಮಾವನವರ ಮನೆಯಲ್ಲಿ ನಡುಮನೆಯೇ ಹುಳುಮನೆ. ಬಿದಿರಿನ ತಟ್ಟೆಗಳನ್ನು ಅಟ್ಟಣೆಯ ಮೇಲೆ ಸೂರಿನವರೆಗೆ ಜೋಡಿಸಿ, ಮನುಷ್ಯರು ಉಳಿದ ಜಾಗದಲ್ಲಿ ಒತ್ತರಿಸಿಕೊಂಡು ಬದುಕುತ್ತಿದ್ದರು. ಹುಳುವಿನಷ್ಟು ಮಡಿವಂತ ಪ್ರಾಣಿಯನ್ನು ನಾನು ಕಂಡಿಲ್ಲ. ಅದಕ್ಕೆ ಹೊಗೆಸೊಪ್ಪಿನ ವಾಸನೆ ಆಗದು, ಒಗ್ಗರಣೆಯ ಘಾಟು ಆಗದು, ಸೀಮೆಎಣ್ಣೆ ಆಗದು. ಹುಳು ಇರುವವರೆಗೆ ಆ ಮನೆಯಲ್ಲಿ ಇಂಗಿನ ಡಬ್ಬಿ ತೆಗೆಯುತ್ತಿರಲಿಲ್ಲ. ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ದೃಷ್ಟಿಯಾದೀತೆಂದು ಒಂದು ಭಯ, ರೋಗ ಬಂದೀತೆಂದು ಇನ್ನೊಂದು. ಎಲ್ಲರಿಗಿಂತ ಹೆಚ್ಚಾಗಿ ಒಳಗೆ ಬರಬಾರದವನು ಚರಕದವನು. ಅವನ ಮೈಮೇಲೆ ಸತ್ತ ಹುಳುವಿನ ವಾಸನೆ ಇರುತ್ತದೆ. ಬದುಕಿರುವ ಹುಳು ಅದನ್ನು ಮೂಸಿದರೆ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ. ಇದು ನನಗಾಗಿ ಮಾಡಿದ ಕಟ್ಟಳೆಯಲ್ಲ, ಆ ಸೀಮೆಗೆಲ್ಲ ಇದ್ದದ್ದೇ. ಆದರೆ ಆ ಸೀಮೆಯಲ್ಲಿ ಚರಕದ ಅಳಿಯನಿದ್ದ ಹುಳುಮನೆ ನನಗೆ ತಿಳಿದಂತೆ ಅದೊಂದೇ.

ಹೀಗಾಗಿ ನನಗೆ ಜಗುಲಿ. ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಚರಕ ನಿಲ್ಲುತ್ತಿತ್ತು. ನಾನು ಕೆರೆಯಲ್ಲಿ ಮೈ ಉಜ್ಜಿಕೊಂಡು, ಒಗೆದ ಅಂಗಿ ತೊಟ್ಟು, ಮೇಲೂರಿಗೆ ನಡೆದು ಹೋಗುತ್ತಿದ್ದೆ. ಅತ್ತೆ ಬಾಗಿಲಿಗೆ ಬಂದು, ಅವರ ರೂಢಿಯಂತೆ ಅರ್ಧ ತೆಲುಗಿನಲ್ಲಿ ಕ್ಷೇಮ ವಿಚಾರಿಸಿ, ಜಗುಲಿಯ ಮೇಲೆ ಚಾಪೆ ಹಾಸುತ್ತಿದ್ದರು. ಊಟ ಅಲ್ಲೇ ಬರುತ್ತಿತ್ತು. ಹಬ್ಬವಿದ್ದರೆ ಒಬ್ಬಟ್ಟೂ ಬರುತ್ತಿತ್ತು. ಅವಮಾನ ಮಾಡಿದರು ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಆದರೆ ಬೀದಿಯಲ್ಲಿ ಹೋಗಿಬರುವವರೆಲ್ಲ, ಹೆಂಡತಿಯ ತವರಿನ ಜಗುಲಿಯ ಮೇಲೆ ಎಲೆ ಹಾಕಿಸಿಕೊಂಡು ಉಣ್ಣುವ ಅಳಿಯನನ್ನು ಒಂದು ಸಲ ತಿರುಗಿ ನೋಡಿಯೇ ಹೋಗುತ್ತಿದ್ದರು. ಹೆಂಡತಿ ಕಂಬಕ್ಕೆ ಒರಗಿ ನಿಂತು ನನ್ನ ಬೆರಳುಗಳನ್ನು ನೋಡುತ್ತಿದ್ದಳು. ಹರಳೆಣ್ಣೆ ತಂದು ಕೊಡುತ್ತಿದ್ದಳು. ಒಂದು ಕೋಣೆ ನೋಡಿ, ಸೋರಿದರೂ ಚಿಂತೆಯಿಲ್ಲ, ಬಂದುಬಿಡುತ್ತೇನೆ ಎನ್ನುತ್ತಿದ್ದಳು. ನಾನು ನೋಡುತ್ತಿದ್ದೇನೆ ಎನ್ನುತ್ತಿದ್ದೆ. ನೋಡುವುದಕ್ಕೇನು, ಶಿಡ್ಲಘಟ್ಟದ ಕೋಣೆಗಳನ್ನೆಲ್ಲ ನೋಡಿದ್ದೆ.

ಇಷ್ಟೆಲ್ಲ ಸಹಿಸಬಹುದಿತ್ತು, ಮಗು ಹತ್ತಿರ ಬಂದಿದ್ದರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯಿದೆ. ಹೆಗ್ಗಣಕ್ಕೆ ಹೆತ್ತವನು ಮುದ್ದಾಗಬೇಕೆಂದು ಹೇಳುವ ಗಾದೆ ಒಂದೂ ಇಲ್ಲ. ನನ್ನ ಮಗಳು ಜಗುಲಿಯ ಆ ತುದಿಯವರೆಗೆ ಬಂದು, ಮೂಗು ಹಿಡಿದುಕೊಂಡು, ನನ್ನನ್ನು ಚೆನ್ನಾಗಿ ನೋಡಿ ಒಳಗೆ ಓಡುತ್ತಿದ್ದಳು. ತಾಯಿ ಕರೆಯುವುದನ್ನು ಕೇಳಿ ಕಲಿತು ತಾತನನ್ನೇ ಅಪ್ಪ ಎಂದು ಕರೆಯುತ್ತಿದ್ದಳು. ಒಬ್ಬರನ್ನು ಅಪ್ಪ ಎಂದ ಮೇಲೆ ಇನ್ನೊಬ್ಬನಿಗೆ ಬೇರೆ ಹೆಸರು ಬೇಕಲ್ಲ, ಹಾಗಾಗಿ ನಾನು ಶಿಡ್ಲಘಟ್ಟದಪ್ಪ. ಮನೆಯವರೆಲ್ಲ ಆ ಮಾತಿಗೆ ನಗುತ್ತಿದ್ದರು, ನಾನೂ ನಗುತ್ತಿದ್ದೆ. ವಾಪಸು ನಡೆಯುವಾಗ ದಾರಿಯುದ್ದಕ್ಕೂ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಕುಡಿದು ಬಂದು ಹೆಂಡತಿಗೆ ಹೊಡೆಯುವ ಅಪ್ಪನ ವಿಷಯ ಊರಿಗೆ ಅರ್ಥವಾಗುತ್ತದೆ, ನ್ಯಾಯ ಸೇರಿಸುತ್ತಾರೆ, ಬುದ್ಧಿ ಹೇಳುತ್ತಾರೆ. ದುಡಿದು, ಮಿಂದು, ಒಗೆದ ಅಂಗಿ ತೊಟ್ಟು ಬಂದು, ಮಗು ಮೂಗು ಮುಚ್ಚಿಕೊಂಡಿತೆಂದು ತಲೆ ತಗ್ಗಿಸಿ ಹೋಗುವವನಿಗೆ ಯಾರು ಏನು ಹೇಳಿಯಾರು?

ಒಂದು ವರ್ಷ ರಂಜಾನ್ ಹಬ್ಬ ಬಂತು. ಹಬ್ಬದ ದಿನ ನಮ್ಮ ಸಾಹೇಬರು ಶೆಡ್ಡಿನ ಆಳುಗಳನ್ನೆಲ್ಲ ಮನೆಗೆ ಕರೆಸಿ ಶಾವಿಗೆ ಪಾಯಸ ಕೊಡುತ್ತಿದ್ದರು. ಬಾಗಿಲಲ್ಲಿ ತಾವೇ ನಿಂತು, ಪುಟ್ಟ ಸೀಸೆಯಲ್ಲಿ ಹತ್ತಿಯ ಚೂರು ಅದ್ದಿ, ಒಬ್ಬೊಬ್ಬರ ಕಿವಿಯ ಮಡಿಕೆಗೂ ಅತ್ತರು ಸಿಕ್ಕಿಸಿ, ಉಳಿದದ್ದನ್ನು ಮಣಿಕಟ್ಟಿಗೆ ಒರೆಸುತ್ತಿದ್ದರು. ಹಿಂದೂ ಆಳು, ಮುಸ್ಲಿಂ ಆಳು ಎಂಬ ಭೇದವಿಲ್ಲ. ಪೆನ್ಸಿಲ್ಲು ಇರುತ್ತಿದ್ದ ಕಿವಿಯಲ್ಲಿ ಅತ್ತರು ಬಂದು ಕೂತಿತು. ನಾನು ಹಾಗೆಯೇ ಮೇಲೂರಿನ ದಾರಿ ಹಿಡಿದೆ. ನಡೆಯುತ್ತ ನಡೆಯುತ್ತ ನನ್ನ ಮೈಯನ್ನು ನಾನೇ ಮೂಸಿದೆ. ಬೇರೆ ಯಾರದೋ ಮೈಯಂತಿತ್ತು. ಎಷ್ಟೋ ವರ್ಷದ ಮೇಲೆ ಎದೆಯುಬ್ಬಿಸಿ ನಡೆದೆ ಎಂದರೆ ನೀವು ನಗಬಹುದು, ಪರವಾಗಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಗೂಡು ಬಿಚ್ಚುವವನಿಗೆ ಗೂಡು ಗೊತ್ತು, ಹುಳು ಗೊತ್ತಿಲ್ಲ. ಸತ್ತ ಹುಳುವಿನ ವಾಸನೆ ಆಗದೆಂದು ಹೇಳಿದ್ದರು. ಒಳ್ಳೆಯ ವಾಸನೆಯೂ ಆಗದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳುವ ಸಂದರ್ಭವಾದರೂ ಎಲ್ಲಿತ್ತು? ಚರಕದವರು ಅತ್ತರು ಹಾಕಿಕೊಂಡು ಓಡಾಡುತ್ತಾರೆಂದು ಯಾರು ಎಣಿಸಿದ್ದರು?

ಮಗಳು ಎಂದಿನಂತೆ ಜಗುಲಿಯ ತುದಿಗೆ ಬಂದು ಮೂಗಿಗೆ ಕೈ ಒಯ್ದಳು. ಕೈ ಅರ್ಧಕ್ಕೇ ನಿಂತಿತು. ಒಂದೊಂದೇ ಹೆಜ್ಜೆ ಹತ್ತಿರ ಬಂದಳು. ಮಣಿಕಟ್ಟು ಮೂಸಿದಳು, ಭುಜ ಮೂಸಿದಳು. ಆಮೇಲೆ ತೊಡೆಯ ಮೇಲೆ ಹತ್ತಿ ನಿಂತು, ನನ್ನ ಕಿವಿಯ ಹತ್ತಿರ ಮೂಗು ಇಟ್ಟು, ಹಾಗೆಯೇ ಕತ್ತು ಅಪ್ಪಿಕೊಂಡಳು. ಐದು ವರ್ಷದ ಮಗುವಿನ ಭಾರ ಎಷ್ಟಿರುತ್ತದೆ ಎಂಬುದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಅಲ್ಲಾಡಿದರೆ ಇಳಿದು ಹೋದಾಳೆಂದು ಕಾಲು ಜೋಮು ಹಿಡಿದರೂ ಕಲ್ಲಿನಂತೆ ಕೂತಿದ್ದೆ. ಅವಳು ಕಿವಿಯ ಹತ್ತಿ ಕಿತ್ತು ಮುಷ್ಟಿಯಲ್ಲಿ ಇಟ್ಟುಕೊಂಡಳು. ಇಟ್ಟುಕೊಳ್ಳಲಿ ಎಂದೆ ಮನಸ್ಸಿನಲ್ಲೇ. ಕೊಡುವುದಕ್ಕೆ ನನ್ನ ಹತ್ತಿರ ಬೇರೆ ಏನಿತ್ತು? ಅತ್ತೆ ಹಿತ್ತಿಲಲ್ಲಿ ಸೊಪ್ಪು ಹೆಚ್ಚುತ್ತಿದ್ದರು, ಹೆಂಡತಿ ತೋಟದಲ್ಲಿದ್ದಳು. ಮಗು ಆ ಹತ್ತಿಯೊಂದಿಗೆ ಒಳಗೆ ಹೋದದ್ದನ್ನು ನಾನು ಸಂತೋಷವಾಗಿ ನೋಡುತ್ತ ಕೂತಿದ್ದೆ.

ಮುಂದಿನ ಶುಕ್ರವಾರ ನಾನು ಹೋದಾಗ ಮಾವನವರೂ ಬಾಮೈದನೂ ತಟ್ಟೆಗಳನ್ನು ಹೊತ್ತು ತಿಪ್ಪೆಗೆ ಸುರಿಯುತ್ತಿದ್ದರು. ಗೂಡು ಕಟ್ಟಲು ಇನ್ನೇನು ಹಣ್ಣಾಗಬೇಕಿದ್ದ ಹುಳು, ಸೊಪ್ಪು ಬಿಟ್ಟು, ಮೆತ್ತಗಾಗಿ, ಕಪ್ಪಾಗಿ ಜೋಲುತ್ತಿದ್ದವು. ಇಡೀ ಬೆಳೆ ಹೋಗಿತ್ತು. ಅತ್ತೆ ಒಳಗಿನಿಂದ ಒಣಗಿದ ಹತ್ತಿಯ ಚೂರನ್ನು ತಂದು ಜಗುಲಿಯ ಮೇಲೆ, ನನ್ನ ಚಾಪೆ ಹಾಸುವ ಜಾಗದಲ್ಲಿ ಇಟ್ಟರು. ಅದು ನಡುವಿನ ಅಟ್ಟಣೆಯ ತಟ್ಟೆಯಲ್ಲಿ, ಸೊಪ್ಪಿನ ಅಡಿ ಸಿಕ್ಕಿತ್ತಂತೆ. ಹುಳುಗಳಿಗೂ ಒಳ್ಳೆಯ ವಾಸನೆ ಬರಲಿ ಎಂದು ಮಗು ಇಟ್ಟಿದ್ದಳೆಂದು ಹೆಂಡತಿ ಆಮೇಲೆ ಹೇಳಿದಳು. ಮಗು ಬಾಗಿಲ ಹಿಂದೆ ನಿಂತಿತ್ತು, ಲಂಗದ ಅಂಚು ಮಾತ್ರ ಕಾಣುತ್ತಿತ್ತು. ಅವಳ ಮೇಲೆ ಕೈ ಬಿದ್ದಿತ್ತೋ ಏನೋ, ನಾನು ಕೇಳಲಿಲ್ಲ.

ಮಾವನವರು ಕೈ ತೊಳೆದುಕೊಂಡು ಬಂದು, ಇದನ್ನು ಮಗುವಿಗೆ ಕೊಟ್ಟವರು ಯಾರು ಎಂದು ಕೇಳಿದರು. ನಾನೇ ಕೊಟ್ಟೆ ಎಂದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ನನಗೂ ಒಂದು ಮಾತು ಆಡಲು ದಾರಿಯಾಗುತ್ತಿತ್ತು.

"ಅಳಿಯಂದ್ರೆ, ತೆಪ್ಪು ತಿಳ್ಕೊಬೇಡಿ. ಮನೇಲಿ ಹುಳ ಇರೋವಾಗ ಇನ್ಮೇಲೆ ಬರಬೇಡಿ. ಮಗೂನ ನಾವು ನೋಡ್ಕೊಂತೀವಿ" ಎಂದರು.

ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆ ಸಲ ಪಕ್ಕದ ಮನೆಯಲ್ಲೂ ಹುಳು ಸತ್ತಿದ್ದವು, ಮೇಲಿನ ಬೀದಿಯಲ್ಲೂ ಸತ್ತಿದ್ದವು. ಬಿಸಿಲಿಗೆ ಸಪ್ಪೆ ರೋಗ ಬಂದಿತ್ತೆಂದು ರೇಷ್ಮೆ ಇಲಾಖೆಯವರು ಬಂದು ಹೇಳಿಹೋದರಂತೆ. ಇದೆಲ್ಲ ನನಗೆ ತಿಳಿದದ್ದು ಬಹಳ ದಿನದ ಮೇಲೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಆದರೆ ಕಾಗೆ ಕೂತದ್ದಂತೂ ನಿಜ, ಆ ಕಾಗೆ ನಾನೇ. ಮಾವನವರ ಮೇಲೆ ನನಗೆ ಸಿಟ್ಟಿಲ್ಲ. ಆ ಮನೆ ಉಣ್ಣುತ್ತಿದ್ದದ್ದು ಹುಳುವಿನಿಂದ, ಹುಳು ಉಳಿದರೆ ನನ್ನ ಹೆಂಡತಿ ಮಗಳೂ ಉಣ್ಣುತ್ತಿದ್ದರು. ಅವರ ಅನ್ನ ನಾನು ಹಾಕುತ್ತಿರಲಿಲ್ಲ. ಹಾಗಿರುವಾಗ ಯಾವ ಬಾಯಲ್ಲಿ ಎದುರು ಮಾತಾಡಲಿ?

ಮಾತಿನ ಪ್ರಕಾರ ಹುಳು ಇಲ್ಲದ ದಿನ ಹೋಗಬಹುದಿತ್ತು. ಒಂದು ಬೆಳೆ ಮುಗಿದು ಗೂಡು ಮಾರಿದ ಮೇಲೆ, ಮನೆ ಸಾರಿಸಿ, ಸುಣ್ಣ ಬಳಿದು, ಇನ್ನೊಂದು ಬೆಳೆಗೆ ಸಿದ್ಧ ಮಾಡುವ ನಡುವೆ ನಾಲ್ಕಾರು ದಿನ ಹುಳುಮನೆ ಖಾಲಿ ಇರುತ್ತದೆ. ಆದರೆ ಹೋದ ಬೆಳೆಯ ನಷ್ಟ ತುಂಬಿಸಲು ಮಾವನವರು ಬೆಳೆಯ ಮೇಲೆ ಬೆಳೆ ಹಿಡಿದರು. ನಡುಮನೆಯಲ್ಲಿ ದೊಡ್ಡ ಹುಳು ಹಣ್ಣಾಗುವಾಗಲೇ ಒಳಕೋಣೆಯಲ್ಲಿ ಇರುವೆಯಷ್ಟು ಮರಿಹುಳುಗಳನ್ನು ಬಿಟ್ಟಿರುತ್ತಿದ್ದರು. ಮನೆ ಖಾಲಿಯಾಗಲೇ ಇಲ್ಲ. ಶುಕ್ರವಾರ ಮಧ್ಯಾಹ್ನ ಚರಕ ನಿಂತಾಗ ನಾನು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೈವಾರದ ಬಸ್ಸು ನಿಲ್ಲುವ ಕಡೆ ಹೋಗಿ ಕೂತು, ಅಪ್ಪಂದಿರ ಹೆಗಲ ಮೇಲೆ ಕೂತು ದೇವರ ದರ್ಶನಕ್ಕೆ ಹೋಗುವ ಮಕ್ಕಳನ್ನು ನೋಡುತ್ತಿದ್ದೆ. ಜೊತೆಯವರು ಮಗಳು ಹೇಗಿದ್ದಾಳೆ ಎಂದು ಕೇಳಿದರೆ ಚೆನ್ನಾಗಿದ್ದಾಳೆ ಎನ್ನುತ್ತಿದ್ದೆ. ಚೆನ್ನಾಗಿಯೇ ಇದ್ದಿರಬೇಕು.

ಹೀಗಿರುವಾಗ ಒಂದು ಬೆಳಿಗ್ಗೆ ಬಾಮೈದ ಗೂಡಿನ ಗಾಡಿ ಹೊಡೆದುಕೊಂಡು ನಮ್ಮ ಸಾಹೇಬರ ಶೆಡ್ಡಿಗೇ ಬಂದ. ಮೇಲೂರಿನ ಗೂಡು ಒಳ್ಳೆಯದೆಂದು ಸಾಹೇಬರು ಹೇಳಿಕಳಿಸಿದ್ದರು. ಚೀಲಗಳ ಮೇಲೆ ಮಗಳು ಕೂತಿದ್ದಳು. ಬರುತ್ತೇನೆಂದು ಹಟ ಹಿಡಿದು ಅತ್ತು ಗಾಡಿ ಹತ್ತಿದ್ದಳಂತೆ. ನನಗೆ ಇದು ಯಾವುದೂ ಗೊತ್ತಿಲ್ಲ. ನಾನು ಆವಿಯ ನಡುವೆ, ತುಂಡು ಪಂಚೆಯೊಂದರಲ್ಲಿ, ಬಾನಿಯ ಮುಂದೆ ಕೂತಿದ್ದೆ. ಬಾಗಿಲಲ್ಲಿ ಬೆಳಕು ಮರೆಯಾಯಿತೆಂದು ತಲೆಯೆತ್ತಿದರೆ ಅವಳು.

ನೋಡಬಾರದ ಸ್ಥಿತಿಯಲ್ಲಿ ನೋಡಿಬಿಟ್ಟಳು ಎಂದು ಮೈಯೆಲ್ಲ ಹಿಡಿಯಷ್ಟಾಯಿತು. ಮೊದಲು ಮಾಡಿದ ಕೆಲಸ, ಕೈ ಎರಡನ್ನೂ ನೀರೊಳಗೆ ಮುಳುಗಿಸಿದ್ದು. ಬೆರಳು ಅವಳ ಕಣ್ಣಿಗೆ ಬೀಳದಿರಲಿ ಎಂದು. ಬೆರಳ ತುದಿ ಅದ್ದಿ ತೆಗೆಯುವ ನೀರು ಅದು, ಕೈ ಇಟ್ಟುಕೊಂಡು ಕೂರುವ ನೀರಲ್ಲ. ಇಟ್ಟುಕೊಂಡಷ್ಟು ಹೊತ್ತು ಇಟ್ಟುಕೊಂಡು ಆಮೇಲೆ ತೆಗೆದೆ. ಅವಳು ಒಳಗೆ ಒಂದು ಹೆಜ್ಜೆ ಇಟ್ಟಳು. ಕಾಲ ಬಳಿ ಒಲೆಗಳು, ಅಲ್ಲಲ್ಲಿ ಚೆಲ್ಲಿದ ಬಿಸಿನೀರು; ಅದಕ್ಕಿಂತ ಹೆಚ್ಚಾಗಿ ಈ ವಾಸನೆ ಅವಳ ಮೈಗೆ ಹತ್ತಿದರೆ ಮನೆಯಲ್ಲಿ ಮರಿಹುಳು, ಮತ್ತೆ ಅವಳಿಗೆ ಏಟು.

"ಅಲ್ಲೇ ನಿಂತ್ಕೊಳಮ್ಮ. ಒಳಗೆ ಬರಬೇಡ" ಎಂದೆ.

ಅಷ್ಟು ವರ್ಷ ನನ್ನ ಕಿವಿಗೆ ಬಿದ್ದ ಮಾತು ನನ್ನ ಬಾಯಿಂದಲೇ ಬಂತು. ಅವಳು ನಿಂತಳು. ಆಮೇಲೆ ಶೆಡ್ಡಿನ ಹೊರಗಿನ ಕಲ್ಲಿನ ಮೇಲೆ ಹೋಗಿ ಕೂತಳು. ಎಳೆ ಹುಡುಕುತ್ತ ಹುಡುಕುತ್ತ ನಾನು ಬಾಗಿಲ ಕಡೆ ನೋಡುತ್ತಿದ್ದೆ. ಪುಟ್ಟ ಕಾಲೆರಡು ಆಡುತ್ತಿದ್ದವು. ನಾನು ಮೇಲೂರಿನ ಜಗುಲಿಯ ಮೇಲೆ ಕೂರುತ್ತಿದ್ದ ಹಾಗೆಯೇ, ಕರೆದರೆ ಹೋಗೋಣ ಎಂಬಂತೆ ಕೂತಿದ್ದಳು.

ಬಾಮೈದ ವ್ಯಾಪಾರ ಮುಗಿಸಿ ಹೊರಟಾಗ ಅವಳು ಏಳಲಿಲ್ಲ. ಎತ್ತಲು ಹೋದರೆ ಕಂಬ ತಬ್ಬಿ ಹಿಡಿದಳಂತೆ. ಶಿಡ್ಲಘಟ್ಟದಪ್ಪ ಹೊರಗೆ ಬರುವವರೆಗೂ ಬರುವುದಿಲ್ಲ ಎಂದಳಂತೆ. ಅವನಿಗೆ ತೋಟಕ್ಕೆ ನೀರು ಹಾಯಿಸುವ ಅವಸರ. ನಾನು ಎದ್ದು ಬರುವ ಹಾಗಿಲ್ಲ, ಬೆಂದ ಗೂಡನ್ನು ಅರ್ಧಕ್ಕೆ ಬಿಟ್ಟರೆ ಎಳೆ ಹಾಳು. ಕೆಲಸ ಆದ ಮೇಲೆ ನೀವೇ ಕರ್ಕೊಂಡು ಬನ್ನಿ ಭಾವ ಎಂದು ಒಳಗೆ ತಲೆ ಹಾಕಿ ಹೇಳಿ ಅವನು ಗಾಡಿ ಹೊಡೆದ. ಸಾಹೇಬರು ಮಗುವಿಗೆ ಬಿಸ್ಕತ್ತು ತರಿಸಿಕೊಟ್ಟರು. ಬಿಸಿಲು ಇಳಿಯುವ ಮುಂಚೆಯೇ ನನಗೆ ಹೋಗೆಂದರು.

ಕೆರೆಯಲ್ಲಿ ಉಜ್ಜಿದೆ, ಉಜ್ಜಿದೆ, ಚರ್ಮ ಕಿತ್ತು ಬರುವ ಹಾಗೆ ಉಜ್ಜಿದೆ. ಅವಳು ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. ಹೊರಟ ಮೇಲೆ ಸ್ವಲ್ಪ ದೂರ ಪಕ್ಕದಲ್ಲಿ ನಡೆದಳು. ಕೈ ಹಿಡಿಯಲು ನನಗೆ ಧೈರ್ಯವಿಲ್ಲ. ಕಾಲು ನೋಯುತ್ತದೆ ಎಂದು ಅವಳೇ ನಿಂತು ಕೈ ಮೇಲೆತ್ತಿದಾಗ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡೆ. ಮೂಗು ಹಿಡಿದುಕೊಂಡಿದ್ದಳೋ ಇಲ್ಲವೋ, ಮೇಲಿದ್ದದ್ದರಿಂದ ನನಗೆ ಕಾಣಲಿಲ್ಲ. ಅದೇ ಒಳ್ಳೆಯದಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅವಳು, ನಮ್ಮ ಹುಳಗಳು ಎಲ್ಲಿ ಹೋದವು ಎಂದು ಕೇಳಿದಳು. ನೂಲಾದವು ಎಂದೆ. ನೂಲಾದ ಮೇಲೆ ಹುಳ ಎಲ್ಲಿಗೆ ಹೋಗುತ್ತದೆ ಎಂದಳು. ಅವಳು ತಾತನ ಪಕ್ಕದಲ್ಲಿ ಕೂತು, ಎಳೆ ಸೊಪ್ಪು ಉದುರಿಸಿ ಸಾಕಿದ ಹುಳು. ತಾತ ಸಾಕುತ್ತಾನೆ, ಅಪ್ಪ ಬೇಯಿಸುತ್ತಾನೆ. ಬಿಸಿನೀರಿನಲ್ಲಿ ಸಾಯುತ್ತದೆ ಎಂದೆ. ಮೇಲೂರಿನ ತೋಪು ಕಾಣಿಸಿತು. ಆಮೇಲೆ, ಅವಳ ಕಾಲನ್ನು ಹಿಡಿದಿದ್ದ ನನ್ನ ಬೆರಳನ್ನು ಮುಟ್ಟಿ, "ಅದಕ್ಕೇ ಅಪ್ಪ, ನಿನ್ನ ಕೈ ಹಿಂಗಾಗಿರೋದು?" ಎಂದಳು.

ಶಿಡ್ಲಘಟ್ಟದಪ್ಪ ಎನ್ನಲಿಲ್ಲ, ಅಪ್ಪ ಎಂದಳು. ಎಷ್ಟು ಕಾದಿದ್ದೆ ಆ ಮಾತಿಗೆ. ಅದು ಇಂಥ ಪ್ರಶ್ನೆಯ ಜೊತೆ ಬಂತು. ಹೂಂ ಎಂದೆ. ಅವಳು ನನ್ನ ತಲೆಯ ಮೇಲೆ ಕೆನ್ನೆ ಇಟ್ಟು, ಬಾಚದ ಒದ್ದೆ ಕೂದಲಲ್ಲಿ ಮುಖ ಹುದುಗಿಸಿ ನಿದ್ದೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ಮನೆ ತಲುಪಿದೆವು. ಅತ್ತೆ ಬಾಗಿಲಿಗೆ ಬಂದು ಮೊಮ್ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದವರು, ಉಸಿರೆಳೆದು ಕೈ ಹಿಂದಕ್ಕೆ ತೆಗೆದುಕೊಂಡರು. ಮಗುವಿನ ಕೆನ್ನೆ, ಅಂಗಿ, ಕೂದಲು, ಎಲ್ಲವೂ ನನ್ನದೇ ವಾಸನೆ. ಒಳಕೋಣೆಯಲ್ಲಿ ಮರಿಹುಳು. ಅಲ್ಲೇ ಇರಿ ಇಬ್ಬರೂ, ನೀರು ಕಾಯಿಸುತ್ತೇನೆ ಎಂದು ಅವರು ಹಿತ್ತಿಲಿಗೆ ಹೋದರು. ಹೆಂಡತಿ ಹೊರಗೆ ಬಂದು, ನಮ್ಮಿಬ್ಬರನ್ನೂ ನೋಡಿ, ಸೌದೆ ತರಲು ಹೋದಳು.

ಜಗುಲಿಯ ಮೇಲೆ ಇಬ್ಬರೂ ಕೂತೆವು. ಮಗಳಿಗೆ ಇದು ಹೊಸ ಆಟ. ತನ್ನ ತೋಳು ತಾನೇ ಮೂಸಿ, "ನಂಗೂ ವಾಸನೆ ಐತಾ ಅಪ್ಪ?" ಎಂದು ಕೇಳಿದಳು. ಐತೆ ಎಂದೆ. ಅವಳಿಗೆ ಅದೊಂದು ಹೆಮ್ಮೆಯಾದಂತೆ ಕಂಡಿತು. ನನಗೆ ಅಂಟಿಕೊಂಡು ಕೂತು ನನ್ನ ಕಾಲಿನ ಪಕ್ಕ ಕಾಲು ಇಟ್ಟುಕೊಂಡು ಆಡಿಸಿದಳು. ಬೀದಿಯಲ್ಲಿ ಹೋಗುವವರು ಎಂದಿನಂತೆ ತಿರುಗಿ ನೋಡಿದರು. ಈ ಸಲ ಹೊರಗೆ ಕೂತವರು ಇಬ್ಬರು. ನನಗೆ ಸುಖವಾಯಿತು. ಹೊರಗೆ ಕೂರುವ ಪಾಡನ್ನು ನಾನು ಮಗಳಿಗೂ ಕೊಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ. ಬಹುಶಃ ನಾಚಿಕೆಯೇ.

ನೀರು ಕಾಯಿತು. ಹಿತ್ತಿಲ ಬಚ್ಚಲಿಗೆ ಅವಳನ್ನು ಕರೆದುಕೊಂಡು ಹೋದರು. ಸೀಗೆಕಾಯಿ ಕಣ್ಣಿಗೆ ಹೋಯಿತೆಂದು ಅವಳು ಕೂಗಿದ್ದು, ಅತ್ತೆ ತಲೆ ಮೂಸಿ ಇನ್ನೂ ಹೋಗಿಲ್ಲ ಎಂದದ್ದು, ಹೆಂಡತಿ ಮತ್ತೆ ನೀರು ತೋಡಿ ಸುರಿದದ್ದು, ಎಲ್ಲವೂ ಜಗುಲಿಗೆ ಕೇಳುತ್ತಿತ್ತು. ತಪ್ಪು ಮಾಡಿದವನಂತೆ ಕೂತು ಕೇಳಿಸಿಕೊಂಡೆ. ನನ್ನ ಮಗಳ ಮೈಮೇಲಿಂದ ನನ್ನನ್ನು ತೊಳೆಯುತ್ತಿದ್ದರು.

ಆ ಮೇಲೆ ಒಂದೂವರೆ ವರ್ಷಕ್ಕೆ ಶಿಡ್ಲಘಟ್ಟದಲ್ಲಿ ಸೋರುವ ಕೋಣೆಯೊಂದು ಸಿಕ್ಕಿ ಹೆಂಡತಿ ಮಗಳು ಬಂದರು, ಮಗಳು ಅಲ್ಲಿಯ ಶಾಲೆಗೆ ಹೋದಳು, ನಾನು ಚರಕ ಬಿಟ್ಟು ಚಿಕ್ಕಬಳ್ಳಾಪುರದಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದೆ. ಎಲ್ಲ ಸರಿಹೋಯಿತು. ಆದರೆ ಅಂಗೈ ಮೂಸುವಾಗ ಕಣ್ಣಿಗೆ ಬರುವುದು ಆ ಸಂಜೆಯೊಂದೇ.

ಒಳಗೆ ಓಡುವ ಹೆಜ್ಜೆಯ ಸದ್ದು ಬಂತು. ನೀರು ತೊಟ್ಟಿಕ್ಕುವ ಕೂದಲು, ಒಗೆದ ಲಂಗ, ಹಣೆಗೆ ಹೊಸ ಕುಂಕುಮ. ಹೊಸ್ತಿಲ ಮೇಲೆ ನಿಂತು ಮುಖವರಳಿಸಿ, "ಅಪ್ಪಾ, ನನ್ನ ವಾಸನೆ ಹೋಯ್ತು" ಎಂದಳು. ಬೇಕಾದರೆ ನೋಡು ಎನ್ನುವಂತೆ ತಲೆ ಬಗ್ಗಿಸಿಕೊಂಡು ನನ್ನ ತೊಡೆಯ ಕಡೆಗೆ ಹೊರಟಳು. ನಾನು ತಟ್ಟನೆ ಎದ್ದು ಜಗುಲಿಯಿಂದ ಬೀದಿಗೆ ಇಳಿದೆ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ತಾಕದ ಹಾಗೆ ಅಲ್ಲಿಂದಲೇ ಬಗ್ಗಿ ಅವಳ ಕೂದಲು ಮೂಸಿ, ಹೌದು ಕಣಮ್ಮ, ಹೋಯ್ತು ಎಂದೆ.